ಮುಷ್ಕರ ಮಾಡಿ, ಮುಂಚೆ ಹೇಳಿ

(ಜರ್ಮನಿಯ ರೈಲು ಚಾಲಕರಿಗೆ ಒಂದು ಬಹಿರಂಗ ಪತ್ರ)

ಚಾಲಕ ಬಂಧುಗಳೇ,

ಪ್ರಯಾಣಿಕರಿಂದ ನಿಮಗೆ ಬರುವ ಪತ್ರಗಳಲ್ಲಿ ಬೈಗುಳವೇ ಹೆಚ್ಚಿರಬಹುದು. ಈ ಪತ್ರ ಅಂಥದ್ದಲ್ಲ. ನಾನು ಕರ್ನಾಟಕದವನು. ನನ್ನ ಅಕ್ಕನ ಸಂಸಾರ ನೆಕ್ಕಾರ್ ನದಿಯ ದಡದ ಒಂದು ಊರಿನಲ್ಲಿದೆ. ಸಾರಿನಪುಡಿ, ಹಪ್ಪಳ ತುಂಬಿದ ಸೂಟ್‌ಕೇಸ್ ಎಳೆದುಕೊಂಡು ಫ್ರಾಂಕ್‌ಫರ್ಟಿನಲ್ಲಿ ವಿಮಾನ ಇಳಿದ ಮೇಲೆ ನನ್ನನ್ನು ಅವಳ ಮನೆಗೆ ಮುಟ್ಟಿಸುವವರು ನೀವು. ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಇದರಲ್ಲಿರುವ ಸಂಗತಿ ನಿಮಗೆಷ್ಟು ಬೇಕೋ ನಿಮ್ಮ ಗಾಡಿ ಹತ್ತುವ ನನ್ನ ನಾಡಿನವರಿಗೂ ಅಷ್ಟೇ ಬೇಕು. ಜರ್ಮನ್‌ಗೆ ತರ್ಜುಮೆ ಮಾಡಿ ನಿಮ್ಮ ಸಂಘಕ್ಕೆ ಕಳಿಸುವ ಹೊಣೆಯನ್ನು ಅಕ್ಕನ ಮಗಳು ಹೊತ್ತಿದ್ದಾಳೆ.

ಮೊದಲಿಗೆ ನಾನು ಯಾವ ಕಡೆ ನಿಂತು ಮಾತಾಡುತ್ತಿದ್ದೇನೆ ಎಂಬುದು ನಿಮಗೆ ತಿಳಿದಿರಲಿ. 1974ರ ಮೇ 8ರಂದು ಭಾರತದ ರೈಲ್ವೆ ನೌಕರರು ಮುಷ್ಕರ ಹೂಡಿದರು. ಸುಮಾರು 17 ಲಕ್ಷ ಜನ, ಇಪ್ಪತ್ತು ದಿನ. ಅದರ ಮುಂದಾಳು ಜಾರ್ಜ್ ಫರ್ನಾಂಡಿಸ್ ನಮ್ಮ ಮಂಗಳೂರಿನಲ್ಲಿ ಹುಟ್ಟಿದವರು. ಅವರು ಇಟ್ಟ ಬೇಡಿಕೆಗಳಲ್ಲಿ ಎಂಟು ಗಂಟೆಯ ದುಡಿಮೆಯೂ ಒಂದು. ದಿನಗಟ್ಟಲೆ ಮನೆ ಕಾಣದೆ ಎಂಜಿನ್ನಿನಲ್ಲೇ ಬದುಕು ಸವೆಸುತ್ತಿದ್ದ ಚಾಲಕರಿಗೆ ಅದು ಐಷಾರಾಮದ ಕೋರಿಕೆ ಆಗಿರಲಿಲ್ಲ. ಸರ್ಕಾರ ಸಾವಿರಾರು ಜನರನ್ನು ಜೈಲಿಗೆ ಹಾಕಿತು, ಸಾವಿರಾರು ಜನರನ್ನು ಕೆಲಸದಿಂದ ತೆಗೆಯಿತು, ರೈಲ್ವೆ ಕ್ವಾರ್ಟರ್ಸಿನಿಂದ ಹೆಂಡತಿ ಮಕ್ಕಳನ್ನು ಸಾಮಾನಿನ ಸಮೇತ ಹೊರಗೆ ಹಾಕಿಸಿತು. ಅದೇ ಫರ್ನಾಂಡಿಸ್ 1989ರ ಕೊನೆಗೆ ರೈಲ್ವೆ ಮಂತ್ರಿಯಾದಾಗ ಕೊಂಕಣ ರೈಲಿಗೆ ಜೀವ ಕೊಟ್ಟರು. ಕರಾವಳಿಯ ನಮ್ಮವರು ಇವತ್ತು ಅದೇ ಹಳಿಯ ಮೇಲೆ ಮುಂಬೈಗೆ ಹೋಗಿ ಬರುತ್ತಾರೆ. ಇಂಥ ನಾಡಿನಿಂದ ಬಂದ ನಾನು, ರೈಲು ಓಡಿಸುವವರು ಕೆಲಸ ನಿಲ್ಲಿಸಿದರೆ ಮೊದಲು ಯಾಕೆ ಎಂದು ಕೇಳಲು ಕಲಿತಿದ್ದೇನೆ.

ನಿಮ್ಮದು ಯಾಕೆ ಎಂಬುದನ್ನೂ ತಿಳಿದುಕೊಂಡಿದ್ದೇನೆ. ನಿಮ್ಮ ಕ್ಯಾಬಿನ್ನಿನಲ್ಲಿ ಪಾದದಡಿ ಒಂದು ಪೆಡಲ್ ಇದೆ. ಗಾಡಿ ಓಡುತ್ತಿರುವಷ್ಟು ಹೊತ್ತೂ ಅದನ್ನು ಒತ್ತಿ ಹಿಡಿದಿರಬೇಕು, ಅರ್ಧ ನಿಮಿಷಕ್ಕೊಮ್ಮೆ ಬಿಟ್ಟು ಮತ್ತೆ ಒತ್ತಬೇಕು. ಮರೆತರೆ ಮೊದಲು ದೀಪ, ಆಮೇಲೆ ಸದ್ದು, ಅದಕ್ಕೂ ಅಲುಗದಿದ್ದರೆ ಬ್ರೇಕ್ ತಾನಾಗಿ ಬೀಳುತ್ತದೆ. ಚಾಲಕ ಬದುಕಿದ್ದಾನೆಯೇ, ಎಚ್ಚರವಾಗಿದ್ದಾನೆಯೇ ಎಂದು ಯಂತ್ರ ನಿಮಿಷಕ್ಕೆರಡು ಸಲ ಕೇಳುವ ಕೆಲಸ ಇದು. ಬೆಳಗಿನ ಜಾವ ಮೂರಕ್ಕೆ ಶುರುವಾಗುವ ಪಾಳಿ, ಪರಊರಿನಲ್ಲಿ ಮುಗಿಯುವ ಪಾಳಿ, ಹಬ್ಬದ ದಿನದ ಪಾಳಿ. ವಾರಕ್ಕೆ 38 ಗಂಟೆಯನ್ನು 35ಕ್ಕೆ ಇಳಿಸಿ ಎಂದು ನೀವು ಕೇಳಿದ್ದು ನನಗೆ ಅತಿಯಾಗಿ ಕಾಣಲಿಲ್ಲ. 200 ಕಿಲೋಮೀಟರ್ ವೇಗದಲ್ಲಿ ನೂರಾರು ಜನರನ್ನು ಹೊತ್ತು ಹೋಗುವವನ ಕಣ್ಣಿಗೆ ನಿದ್ದೆ ಸಾಲಬೇಕು ಎಂಬುದು ಹಿಂದೆ ಕೂತ ನಮ್ಮದೇ ಹಿತ.

1994ರ ಸುಧಾರಣೆಯಲ್ಲಿ ಎರಡೂ ಜರ್ಮನಿಗಳ ರೈಲ್ವೆ ಸೇರಿ ಡಾಯ್ಚ ಬಾನ್ ಎಂಬ ಕಂಪನಿಯಾಯಿತು. ಅದಕ್ಕೆ ಮುಂಚೆ ಪಶ್ಚಿಮದ ಚಾಲಕರಲ್ಲಿ ಹೆಚ್ಚಿನವರು ಸರ್ಕಾರಿ ಅಧಿಕಾರಿಗಳ ವರ್ಗಕ್ಕೆ ಸೇರಿದ್ದರು, ಮುಷ್ಕರದ ಹಕ್ಕು ಅವರಿಗೆ ಇರಲಿಲ್ಲ. ಆಮೇಲೆ ಸೇರಿದವರಿಗೆ ಆ ಹಕ್ಕು ಬಂತು. 1867ರಷ್ಟು ಹಿಂದೆ ಬೇರು ಇರುವ ನಿಮ್ಮ ಜಿಡಿಎಲ್ ಸಂಘ ಅದನ್ನು ಹೇಗೆ ಬಳಸಬೇಕೆಂದು ಬೇಗ ಕಲಿಯಿತು. 2024ರ ಜನವರಿ 24ರಂದು ಬೆಳಗಿನ ಜಾವ ಶುರುವಾದ ಮುಷ್ಕರವನ್ನು ಆರು ದಿನಕ್ಕೆಂದು ಸಾರಿದ್ದಿರಿ. ಡಾಯ್ಚ ಬಾನ್ ಚರಿತ್ರೆಯಲ್ಲಿ ಅಷ್ಟು ದೀರ್ಘದ ಮುಷ್ಕರ ಅದಕ್ಕೆ ಮುಂಚೆ ಘೋಷಣೆಯಾಗಿರಲಿಲ್ಲ. ಮಾರ್ಚ್‌ನಲ್ಲಿ ಕಂಪನಿ ನಿಮ್ಮನ್ನು ತಡೆಯಲು ಕೋರ್ಟಿಗೆ ಹೋಯಿತು. ಫ್ರಾಂಕ್‌ಫರ್ಟಿನ ಕಾರ್ಮಿಕ ನ್ಯಾಯಾಲಯ ಒಪ್ಪಲಿಲ್ಲ, ಹೆಸ್ಸನ್ ರಾಜ್ಯದ ಮೇಲ್ಮನವಿ ನ್ಯಾಯಾಲಯವೂ ಒಪ್ಪಲಿಲ್ಲ. ಮಾರ್ಚ್ ಕೊನೆಯ ವಾರದಲ್ಲಿ ಒಪ್ಪಂದವಾಯಿತು. 2029ರ ಹೊತ್ತಿಗೆ ಹಂತಹಂತವಾಗಿ 35 ಗಂಟೆ. ಹೆಚ್ಚು ದುಡಿಯಲು ಇಷ್ಟವಿದ್ದವರಿಗೆ ಹೆಚ್ಚು ಸಂಬಳಕ್ಕೆ 40 ಗಂಟೆಯವರೆಗೆ ದುಡಿಯುವ ಆಯ್ಕೆ. ನಿಮ್ಮ ಬಿಗಿಪಟ್ಟಿಗೆ ಸಿಕ್ಕ ಫಲ ಇದು. ನನಗೆ ಖುಷಿಯಾಯಿತು.

ನನ್ನ ತಕರಾರು ಇರುವುದು ಜನವರಿಗೂ ಆ ಒಪ್ಪಂದಕ್ಕೂ ನಡುವಿನ ಒಂದು ವಾರದ ಬಗ್ಗೆ.

ಮಾರ್ಚ್ ಮೊದಲಿಗೆ ನಿಮ್ಮ ಸಂಘದ ಅಂದಿನ ಅಧ್ಯಕ್ಷ ಕ್ಲಾಸ್ ವೆಸೆಲ್‌ಸ್ಕಿ, ಒಂದರ ಹಿಂದೊಂದಾಗಿ ಬರುವ ಅಲೆ ಮುಷ್ಕರ ಘೋಷಿಸಿದರು. ಅದುವರೆಗೆ ನೀವು ಪಾಲಿಸಿಕೊಂಡು ಬಂದಿದ್ದ 48 ಗಂಟೆಯ ಮುನ್ಸೂಚನೆ ಇನ್ನು ಮುಂದೆ ಸಿಗುವುದಿಲ್ಲ ಎಂದರು. ಅದರಂತೆ ಮಾರ್ಚ್ 10ರ ಭಾನುವಾರ ಸಂಜೆ ಘೋಷಣೆ ಹೊರಟಿತು, ಮಂಗಳವಾರ ಬೆಳಗಿನ ಜಾವ 2 ಗಂಟೆಗೆ ಪ್ರಯಾಣಿಕರ ರೈಲು ನಿಂತವು. ನಿಮ್ಮ ತರ್ಕ ನನಗೆ ಅರ್ಥವಾಗುತ್ತದೆ. ಮುನ್ಸೂಚನೆ ಸಿಕ್ಕರೆ ಕಂಪನಿ ತುರ್ತು ವೇಳಾಪಟ್ಟಿ ಹಾಕಿ, ದೂರದ ಗಾಡಿಗಳಲ್ಲಿ ಐದರಲ್ಲೊಂದನ್ನಾದರೂ ಓಡಿಸಿ, ಎಲ್ಲ ಹತೋಟಿಯಲ್ಲಿದೆ ಎಂದು ತೋರಿಸಿಕೊಳ್ಳುತ್ತದೆ. ಮುನ್ಸೂಚನೆ ಇಲ್ಲದಿದ್ದರೆ ಆ ನಾಟಕ ನಡೆಯುವುದಿಲ್ಲ, ಒತ್ತಡ ಏರುತ್ತದೆ. ಕಾನೂನಿನ ಪ್ರಕಾರವೂ ನೀವು ತಪ್ಪು ಮಾಡಲಿಲ್ಲ. ಇಷ್ಟು ಗಂಟೆ ಮುಂಚೆ ಹೇಳಲೇಬೇಕು ಎಂಬ ಕಾಯ್ದೆ ಜರ್ಮನಿಯಲ್ಲಿಲ್ಲ.

ಆದರೆ ಆ ಒತ್ತಡ ಯಾರ ಮೇಲೆ ಬಿತ್ತು ನೋಡಿ. ಕಂಪನಿಯ ಆಡಳಿತ ಮಂಡಳಿಯವರು ಬರ್ಲಿನ್ನಿನಲ್ಲಿ ಕಾರಿನಲ್ಲಿ ಓಡಾಡಿದರು. ಜರ್ಮನ್ ಬಲ್ಲ, ಅಲ್ಲಿನ ಬ್ಯಾಂಕ್ ಖಾತೆ ಇರುವ, ಮೊಬೈಲಿನಲ್ಲಿ ಹತ್ತು ಆ್ಯಪ್ ಇಟ್ಟುಕೊಂಡ ಊರಿನವರು ಭಾನುವಾರ ರಾತ್ರಿಯೇ ಫ್ಲಿಕ್ಸ್‌ಬಸ್ ಸೀಟು ಹಿಡಿದರು, ಕಾರು ಹಂಚಿಕೊಳ್ಳುವವರನ್ನು ಹುಡುಕಿದರು, ಆಫೀಸಿಗೆ ಮನೆಯಿಂದ ಕೆಲಸ ಎಂದು ಮೇಲ್ ಹಾಕಿದರು. ಸುದ್ದಿ ಮೊದಲು ಮುಟ್ಟಿದವರಿಗೆ ಸೀಟು, ಕೊನೆಗೆ ಮುಟ್ಟಿದವರಿಗೆ ಪ್ಲಾಟ್‌ಫಾರ್ಮಿನ ಬೆಂಚು. ಕೊನೆಗೆ ಮುಟ್ಟುವವರು ಯಾವಾಗಲೂ ಹೊರಗಿನವರು. ಆ ಹೊತ್ತಿಗೆ ಬೆಂಗಳೂರಿನ ವಿಮಾನದಲ್ಲಿ ಕೂತು ಆಕಾಶದಲ್ಲಿದ್ದವರಿಗೆ ನಿಮ್ಮ ಘೋಷಣೆ ಹೇಗೆ ತಲುಪಬೇಕಿತ್ತು?

ಒಂದು ಸಂಜೆಯ ಸಂಗತಿ ಹೇಳುತ್ತೇನೆ. ಅದು ಬೇರೆ ವರ್ಷದ್ದು, ಬೇರೆ ಮುಷ್ಕರದ್ದು. ಯಾವ ಸಂಘ, ಯಾವ ಕಂಪನಿ ಎಂಬುದು ಇಲ್ಲಿ ಬೇಡ. ದಕ್ಷಿಣ ಜರ್ಮನಿಯ ಒಂದು ಜಂಕ್ಷನ್ನಿನಲ್ಲಿ ನನ್ನ ಗಾಡಿ ರದ್ದಾಗಿ ಬದಲಿ ಬಸ್ಸಿಗೆ ಕಾಯುತ್ತಿದ್ದೆ. ಬದಲಿ ಬಸ್ಸು ನಿಲ್ಲುವ ಜಾಗ ಸ್ಟೇಷನ್ನಿನ ಮುಂಬಾಗಿಲಲ್ಲಿ ಇರಲಿಲ್ಲ, ಹಿಂಬದಿಯ ಸುರಂಗ ದಾಟಿ ಸೈಕಲ್ ನಿಲ್ಲಿಸುವ ಅಂಗಳದ ಆಚೆ ಇತ್ತು. ಅದನ್ನು ಹೇಳುವ ಕಾಗದವನ್ನು ಕಂಬಕ್ಕೆ ಅಂಟಿಸಿದ್ದರು, ಜರ್ಮನ್‌ನಲ್ಲಿ ಮಾತ್ರ. ಧ್ವನಿವರ್ಧಕದಲ್ಲಿ ಬರುತ್ತಿದ್ದುದೂ ಜರ್ಮನ್ ಮಾತ್ರ. ಜನ ಅದನ್ನು ಕೇಳಿ ಒಂದು ದಿಕ್ಕಿಗೆ ಸರಸರ ಹೊರಟರು. ಪ್ಲಾಟ್‌ಫಾರ್ಮಿನಲ್ಲಿ ಉಳಿದವರು ವಯಸ್ಸಾದ ಗಂಡ ಹೆಂಡತಿ ಇಬ್ಬರೇ. ಆ ತಾಯಿ ಇಳಕಲ್ ಸೀರೆಯ ಮೇಲೆ ಮಗಳು ಕೊಡಿಸಿದ್ದಿರಬಹುದಾದ ದಪ್ಪನೆಯ ಕೋಟು ತೊಟ್ಟಿದ್ದರು. ನಾನು ಫೋನಿನಲ್ಲಿ ಅಕ್ಕನಿಗೆ ಕನ್ನಡದಲ್ಲಿ ಮಾತಾಡುತ್ತಿದ್ದುದು ಅವರ ಕಿವಿಗೆ ಬಿತ್ತು.

"ತಮ್ಮಾ, ನೀ ಕನ್ನಡದಾಂವ ಏನಪಾ? ಈ ಗಾಡಿ ಯಾವಾಗ ಬರತೈತಿ?"

ಹಾವೇರಿ ಕಡೆಯವರು. ಬೆಳಿಗ್ಗೆ ವಿಮಾನ ಇಳಿದಿದ್ದರು. ಮಗಳು ಕೆಲಸಕ್ಕೆ ರಜೆ ಸಿಗದೆ, ಒಂದೇ ಗಾಡಿ, ಬದಲಿಸುವುದಿಲ್ಲ, ಇಂಥ ಸ್ಟೇಷನ್ನಿನಲ್ಲಿ ನಿಂತಿರುತ್ತೇನೆ ಎಂದು ಟಿಕೆಟ್ ಕಳಿಸಿದ್ದಳು. ಆ ಗಾಡಿ ನಡುದಾರಿಯಲ್ಲೇ ಎಲ್ಲರನ್ನೂ ಇಳಿಸಿತ್ತು. ಫೋನಿಗೆ ರೋಮಿಂಗ್ ಹಾಕಿಸಿರಲಿಲ್ಲ. ಸ್ಟೇಷನ್ನಿನ ವೈಫೈ ಎಲ್ಲೋ ಒಂದು ಗುಂಡಿ ಒತ್ತು ಎನ್ನುತ್ತಿತ್ತು, ಯಾವುದೆಂದು ಗೊತ್ತಾಗದೆ ಬಿಟ್ಟಿದ್ದರು. ಯಜಮಾನರು ರಾತ್ರಿ ಊಟದ ಮೇಲೆ ಬಿಪಿ ಮಾತ್ರೆ ತೆಗೆದುಕೊಳ್ಳಬೇಕಿತ್ತು. ಡಬ್ಬಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇತ್ತು, ನೀರು ಮುಗಿದಿತ್ತು. ಮೂರು ಗಂಟೆಯಿಂದ ಅವರು ಅಲ್ಲಿ ಕೂತಿದ್ದರು. ಭಯಪಟ್ಟಿರಲಿಲ್ಲ, ಗಾಡಿ ಬಂದೇ ಬರುತ್ತದೆ ಎಂದು ನಂಬಿದ್ದರು. ಅವರ ಆ ನಂಬಿಕೆಯೇ ನನ್ನನ್ನು ಹೆಚ್ಚು ಕಲಕಿತು.

ಅವರನ್ನು ಕರೆದುಕೊಂಡು ಬಾನ್‌ಹೋಫ್ಸ್‌ಮಿಸಿಯೋನ್ ಕೋಣೆಗೆ ಹೋದೆ. ನಿಮಗೆ ಅದು ಗೊತ್ತು, ನನ್ನ ನಾಡಿನವರಿಗಾಗಿ ಹೇಳುತ್ತೇನೆ. ಜರ್ಮನಿಯ ನೂರಕ್ಕೂ ಹೆಚ್ಚು ಸ್ಟೇಷನ್ನುಗಳಲ್ಲಿ ಚರ್ಚ್ ಸಂಸ್ಥೆಗಳು ನಡೆಸುವ ನೆರವಿನ ಕೋಣೆ ಅದು. 1894ರಲ್ಲಿ ಬರ್ಲಿನ್ನಿನಲ್ಲಿ ಶುರುವಾಯಿತು. ಹಳ್ಳಿಗಳಿಂದ ಕೆಲಸ ಹುಡುಕಿಕೊಂಡು ಒಂಟಿಯಾಗಿ ಬಂದಿಳಿಯುತ್ತಿದ್ದ ಹೆಣ್ಣುಮಕ್ಕಳು ವಂಚಕರ ಕೈಗೆ ಸಿಗದಿರಲಿ ಎಂಬುದು ಮೊದಲ ಉದ್ದೇಶ. ಈಗ ಯಾವ ಜಾತಿ, ಧರ್ಮ, ದೇಶದವರಾದರೂ ಹೋಗಿ ಕೂರಬಹುದು, ದುಡ್ಡು ಕೇಳುವುದಿಲ್ಲ. ಅಲ್ಲಿದ್ದ ನೀಲಿ ಜಾಕೆಟ್ಟಿನ ಅರವತ್ತು ದಾಟಿದ ಹೆಂಗಸು ಮೊದಲು ನೀರು ಕೊಟ್ಟರು, ಆಮೇಲೆ ಬಿಸಿ ಚಹಾ. ತಮ್ಮ ಫೋನಿನಿಂದ ಮಗಳಿಗೆ ಕರೆ ಹಚ್ಚಿ ಕೈಗಿತ್ತರು. ನಂತರ ಒಂದು ಬಿಳಿ ಹಾಳೆ ತೆಗೆದು ದಪ್ಪ ಪೆನ್ನಿನಲ್ಲಿ ಎರಡು ಸಾಲು ಬರೆದರು. ಮೇಲಿನ ಸಾಲಿನಲ್ಲಿ ಬಸ್ಸು ಹೊರಡುವ ಹೊತ್ತು, ಕೆಳಗಿನ ಸಾಲಿನಲ್ಲಿ ಇಳಿಯಬೇಕಾದ ಊರಿನ ಹೆಸರು. ಪಕ್ಕದಲ್ಲಿ ಸುರಂಗದ ಕಡೆಗೆ ಒಂದು ಬಾಣ. ಬಸ್ಸಿನ ಡ್ರೈವರಿಗೆ ಇದನ್ನು ತೋರಿಸಿ ಎಂದು ಕೈಸನ್ನೆಯಲ್ಲೇ ಹೇಳಿದರು. ಯಜಮಾನರು ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪಾಸ್‌ಪೋರ್ಟಿನ ಒಳಗಿಟ್ಟುಕೊಂಡರು.

ಅಂದಿನ ಆ ಜಂಕ್ಷನ್ನಿನಲ್ಲಿ ಯಾವ ಬಗೆಯ ಮುಷ್ಕರವಾದರೂ ಕೊಡಬಹುದಾಗಿದ್ದುದು, ಕೊಡದೆ ಹೋದದ್ದು ಅಷ್ಟೇ. ಎರಡು ಸಾಲು ಮತ್ತು ಒಂದು ಬಾಣ.

ಇಂಥ ಪ್ರಯಾಣಿಕರಿಗೆ ಯೂರೋಪಿನಲ್ಲಿ ಕಾನೂನು ಇಲ್ಲವೇ ಎಂದರೆ, ಇದೆ, ಒಳ್ಳೆಯದೇ ಇದೆ. ಪ್ರವಾಸ ಹೊರಡುವ ನಮ್ಮವರಲ್ಲಿ ಹೆಚ್ಚಿನವರಿಗೆ ಅದರ ಸುಳಿವಿಲ್ಲ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. 2023ರ ಜೂನ್ 7ರಿಂದ ಜಾರಿಯಲ್ಲಿರುವ ಯೂರೋಪಿಯನ್ ಒಕ್ಕೂಟದ ರೈಲು ಪ್ರಯಾಣಿಕರ ಹಕ್ಕಿನ ನಿಯಮದಂತೆ, ಒಂದು ಗಂಟೆಗಿಂತ ಹೆಚ್ಚು ತಡವಾಗುವ ಸಂಭವವಿದ್ದರೆ ಪೂರ್ತಿ ಹಣ ವಾಪಸ್ ಕೇಳಬಹುದು ಅಥವಾ ಬೇರೆ ದಾರಿಯಲ್ಲಿ ಊರು ಮುಟ್ಟಿಸಿ ಎನ್ನಬಹುದು. ಪ್ರಯಾಣ ಮಾಡಿಯೂ ತಡವಾಗಿ ತಲುಪಿದರೆ, 60 ನಿಮಿಷಕ್ಕೆ ಟಿಕೆಟ್ ದರದ ಕಾಲು ಭಾಗ, 120 ನಿಮಿಷಕ್ಕೆ ಅರ್ಧ ಪರಿಹಾರ. ಅರ್ಜಿ ಹಾಕಲು ಮೂರು ತಿಂಗಳು ಕಾಲಾವಕಾಶ. ಕಾಯುವ ಹೊತ್ತಿಗೆ ತಕ್ಕಂತೆ ಊಟ, ನೀರು. ರಾತ್ರಿ ಉಳಿಯಲೇಬೇಕಾದರೆ ಹೋಟೆಲ್. ಹೊರಡಬೇಕಿದ್ದ ಹೊತ್ತಿನಿಂದ 100 ನಿಮಿಷದೊಳಗೆ ಕಂಪನಿ ಬೇರೆ ದಾರಿ ತಿಳಿಸದಿದ್ದರೆ, ನಾವೇ ಬೇರೆ ರೈಲಿನ ಅಥವಾ ಬಸ್ಸಿನ ಟಿಕೆಟ್ ಕೊಂಡು ಮಿತಿಮೀರದ ಖರ್ಚನ್ನು ವಾಪಸ್ ಪಡೆಯಬಹುದು. ಮುಖ್ಯ ಸಂಗತಿ ಏನೆಂದರೆ, ಬಿರುಗಾಳಿ, ಪ್ರವಾಹದಂಥ ಕಾರಣಕ್ಕೆ ಪರಿಹಾರ ತಪ್ಪಿಸಿಕೊಳ್ಳಲು ಕಂಪನಿಗೆ ಅವಕಾಶವಿದೆ, ತನ್ನದೇ ಸಿಬ್ಬಂದಿಯ ಮುಷ್ಕರಕ್ಕೆ ಆ ಅವಕಾಶವಿಲ್ಲ. ಜರ್ಮನಿಯಲ್ಲಿ ಇನ್ನೂ ಒಂದಿಷ್ಟು ಸೇರಿಸಿದ್ದಾರೆ. ಇಂಥದೇ ಗಾಡಿ ಎಂದು ಗುರುತಿಸಿದ ಅಗ್ಗದ ಟಿಕೆಟ್ ಇದ್ದರೂ, ಊರು ಮುಟ್ಟುವುದು 20 ನಿಮಿಷಕ್ಕಿಂತ ತಡವಾಗುತ್ತದೆ ಎಂದು ಕಂಡರೆ ಬೇರೆ ಗಾಡಿ ಹತ್ತಬಹುದು. ರಾತ್ರಿಯ ಕೊನೆಯ ಗಾಡಿ ರದ್ದಾಗಿ ನಡುರಾತ್ರಿಯೊಳಗೆ ಊರು ಸೇರಲು ಬೇರೆ ದಾರಿ ಇಲ್ಲದಿದ್ದರೆ, ಕಂಪನಿ ತಾನೇ ಏರ್ಪಾಡು ಮಾಡದ ಪಕ್ಷದಲ್ಲಿ, ಟ್ಯಾಕ್ಸಿಗೆ 120 ಯೂರೊವರೆಗೆ ವಾಪಸ್ ಕೇಳಬಹುದು. ರಸೀದಿ ಎಸೆಯಬಾರದು, ಗಾಡಿ ರದ್ದೆಂದು ತೋರಿಸುವ ಬೋರ್ಡಿನ ಫೋಟೊ ತೆಗೆದಿಟ್ಟುಕೊಳ್ಳಬೇಕು.

ವಿಮಾನದ ಹಕ್ಕು ಬೇರೆ. ಒಕ್ಕೂಟದ ಯಾವ ನಿಲ್ದಾಣದಿಂದ ಹೊರಟರೂ, ವಿಮಾನ ಭಾರತದ ಕಂಪನಿಯದಾದರೂ, ನಿಯಮ ಅನ್ವಯಿಸುತ್ತದೆ. ಫ್ರಾಂಕ್‌ಫರ್ಟಿನಿಂದ ಬೆಂಗಳೂರಿನಷ್ಟು ದೂರದ ಹಾರಾಟ ಕೊನೆಗಳಿಗೆಯಲ್ಲಿ ರದ್ದಾದರೆ 600 ಯೂರೊ. ವಿಮಾನ ಕಂಪನಿಯ ಸ್ವಂತ ನೌಕರರ ಮುಷ್ಕರವನ್ನು ನೆಪ ಮಾಡಿ ಇದನ್ನು ತಪ್ಪಿಸುವಂತಿಲ್ಲ ಎಂದು ಒಕ್ಕೂಟದ ನ್ಯಾಯಾಲಯ 2021ರ ಮಾರ್ಚ್‌ನಲ್ಲಿ ಎಸ್‌ಎಎಸ್ ವಿಮಾನ ಕಂಪನಿಯ ಪ್ರಕರಣದಲ್ಲಿ ಹೇಳಿದೆ. ವೀಸಾ ಮುಗಿಯುವ ಹೊತ್ತಿಗೆ ಸಿಕ್ಕಿಬಿದ್ದವರಿಗೂ ದಾರಿಯಿದೆ. ನಮ್ಮ ಕೈಮೀರಿದ ಕಾರಣಕ್ಕೆ ಷೆಂಗನ್ ವೀಸಾವನ್ನು ಶುಲ್ಕವಿಲ್ಲದೆ ವಿಸ್ತರಿಸುವ ಅವಕಾಶ ಅವರ ವೀಸಾ ಸಂಹಿತೆಯಲ್ಲೇ ಇದೆ. ಅವಧಿ ಮುಗಿಯುವ ಮುಂಚೆ ವಿದೇಶಿಯರ ಕಚೇರಿಗೆ ಹೋಗಬೇಕು, ಅಷ್ಟೇ.

ಇಷ್ಟೆಲ್ಲ ಇದ್ದೂ ಒಂದು ಕಂದಕ ಉಳಿಯುತ್ತದೆ. ನಿಮ್ಮ ಮುಷ್ಕರದಿಂದ ಗಾಡಿ ತಪ್ಪಿ, ಬೇರೆಯಾಗಿ ಕೊಂಡಿದ್ದ ವಿಮಾನ ತಪ್ಪಿದವನಿಗೆ ವಿಮಾನ ಕಂಪನಿ ಏನೂ ಕೊಡುವುದಿಲ್ಲ. ಅದರ ವಿಮಾನ ಸರಿಯಾದ ಹೊತ್ತಿಗೆ ಹಾರಿದೆಯಲ್ಲ! ರೈಲು ಕಂಪನಿ ತೂಗುವುದು ರೈಲಿನ ಟಿಕೆಟ್ಟನ್ನು ಮಾತ್ರ. ಅರವತ್ತು ಸಾವಿರ ರೂಪಾಯಿಯ ವಿಮಾನ ಟಿಕೆಟ್ ಕಳೆದುಕೊಂಡ ವಿದ್ಯಾರ್ಥಿಗೆ ಮೂವತ್ತು ಯೂರೊ ರೈಲು ಟಿಕೆಟ್ಟಿನ ಅರ್ಧ ಕೈಗೆ ಬರುತ್ತದೆ. ಅಪ್ಪ ಹೊಲ ಅಡವಿಟ್ಟು ಕಳಿಸಿದ ಮಕ್ಕಳೂ ನಿಮ್ಮ ವಿಶ್ವವಿದ್ಯಾಲಯಗಳಲ್ಲಿದ್ದಾರೆ. ಅವರಿಗೆ ಈ ನಷ್ಟವನ್ನು ತಪ್ಪಿಸಲು ಇರುವುದು ಒಂದೇ ಉಪಾಯ. ಮುಂಚಿನ ದಿನವೇ ಹೊರಟು ವಿಮಾನ ನಿಲ್ದಾಣ ಸೇರಿಬಿಡುವುದು. ಅದಕ್ಕೆ ಮುಂಚೆ ಗೊತ್ತಿರಬೇಕು. 48 ಗಂಟೆ ಎಂದರೆ ಅವರ ಲೆಕ್ಕದಲ್ಲಿ ಒಂದು ವರ್ಷದ ಸಾಲದ ಕಂತು.

2024ರ ಮಾರ್ಚ್ 7ನ್ನು ನೆನೆಸಿಕೊಳ್ಳಿ. ಅಂದು ನೀವೂ ಮುಷ್ಕರದಲ್ಲಿದ್ದಿರಿ, ಲುಫ್ತಾನ್ಸಾದ ನೆಲದ ಸಿಬ್ಬಂದಿಯೂ ವೆರ್ಡಿ ಸಂಘದ ಕರೆಯಂತೆ ಮುಷ್ಕರದಲ್ಲಿದ್ದರು, ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದ ಭದ್ರತಾ ತಪಾಸಣೆಯವರೂ ಕೆಲಸ ಬಿಟ್ಟಿದ್ದರು. ಮೂರೂ ಮುಷ್ಕರಗಳಿಗೆ ಅದರದರ ನ್ಯಾಯವಿದೆ. ಮೂರೂ ಸೇರಿ ಒಬ್ಬ ಪರದೇಶಿಯ ಮೇಲೆ ಬಿದ್ದಾಗ ಅವನ ನ್ಯಾಯ ಕೇಳಲು ಸಂಘವಿಲ್ಲ. ಅವನು ಮತ ಹಾಕುವವನಲ್ಲ, ನಾಳೆ ಮತ್ತೆ ಅದೇ ಗಾಡಿ ಹತ್ತುವ ಗಿರಾಕಿಯೂ ಅಲ್ಲ. ಅವನ ಪರವಾಗಿ ಮಾತಾಡಬಲ್ಲವರು ಮುಷ್ಕರದಲ್ಲಿರುವ ನೀವೇ. ಕೂಲಿಯವನ ಕಷ್ಟ ಕೂಲಿಯವನಿಗೆ ಗೊತ್ತಿರುತ್ತದೆ ಎಂದು ನಂಬಿ ಬೆಳೆದವನು ನಾನು.

ಯೂರೋಪಿನ ಬೇರೆ ದೇಶಗಳು ಇದಕ್ಕೆ ದಾರಿ ಹುಡುಕಿವೆ. ಇಟಲಿಯಲ್ಲಿ 1990ರ ಕಾನೂನಿನಂತೆ ಮುಷ್ಕರವನ್ನು ದಿನಗಟ್ಟಲೆ ಮುಂಚೆ ಸಾರಬೇಕು. ಯಾವ ದಿನ, ಯಾವ ಸಂಘ, ಎಷ್ಟು ಗಂಟೆ ಎಂಬ ಪಟ್ಟಿ ಸಾರ್ವಜನಿಕವಾಗಿ ಪ್ರಕಟವಾಗಿರುತ್ತದೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಸ್ಥಳೀಯ ರೈಲು ಓಡಲೇಬೇಕು. ರೋಮ್‌ನಲ್ಲಿ ಮುಷ್ಕರದ ದಿನ ಸಿಕ್ಕಿಬಿದ್ದ ಹೊಸಬನಿಗೂ ಆ ಎರಡು ಕಿಂಡಿಗಳು ತೆರೆದಿರುತ್ತವೆ. ಫ್ರಾನ್ಸಿನಲ್ಲಿ 2007ರ ಕಾನೂನಿನಂತೆ, ಮುಷ್ಕರಕ್ಕೆ ಹೋಗುವ ಪ್ರತಿ ಚಾಲಕ 48 ಗಂಟೆ ಮುಂಚೆ ವೈಯಕ್ತಿಕವಾಗಿ ತಿಳಿಸಬೇಕು. ಹಾಗಾಗಿ ಯಾವ ಗಾಡಿ ಓಡುತ್ತದೆ, ಯಾವುದು ಇಲ್ಲ ಎಂಬುದು ಹಿಂದಿನ ದಿನ ಪ್ರಯಾಣಿಕರಿಗೆ ಗೊತ್ತಾಗುತ್ತದೆ. ಆ ಎರಡೂ ದೇಶಗಳಲ್ಲಿ ಮುಷ್ಕರ ನಿಂತಿಲ್ಲ, ಬಲ ಕಳೆದುಕೊಂಡೂ ಇಲ್ಲ. ಫ್ರೆಂಚರ ಮುಷ್ಕರ ಬಲಹೀನ ಎಂದು ಯಾರೂ ಹೇಳಲಾರರು.

ನಿಮ್ಮ ದೇಶದಲ್ಲೇ ಇನ್ನೊಂದು ಉದಾಹರಣೆ ಇದೆ. ಫ್ರಾಂಕ್‌ಫರ್ಟ್ ಮತ್ತು ಮಾನ್‌ಹೈಮ್ ನಡುವಿನ ರೀಡ್‌ಬಾನ್ ಹಳಿ, ಸುಮಾರು 70 ಕಿಲೋಮೀಟರ್, ದೇಶದ ಅತಿ ದಟ್ಟಣೆಯ ಮಾರ್ಗಗಳಲ್ಲೊಂದು. ಯೂರೋ ಫುಟ್‌ಬಾಲ್ ಫೈನಲ್ ಮುಗಿಯುವವರೆಗೆ ಕಾದು, ಮರುದಿನ, 2024ರ ಜುಲೈ 15ರಂದು, ದುರಸ್ತಿಗೆಂದು ಅದನ್ನು ಪೂರ್ತಿ ಮುಚ್ಚಿದರು. ಡಿಸೆಂಬರ್ 14ರವರೆಗೆ ಐದು ತಿಂಗಳು. ದೂರದ ಗಾಡಿಗಳನ್ನು ಬೇರೆ ದಾರಿಗೆ ಹೊರಳಿಸಿದರು, ಸ್ಥಳೀಯರಿಗೆ ನೇರಳೆ ಬಣ್ಣದ ಬದಲಿ ಬಸ್ಸು ಬಿಟ್ಟರು. ದಿನಾಂಕ ಬಹಳ ಮುಂಚೆಯೇ ಎಲ್ಲರಿಗೂ ಗೊತ್ತಿತ್ತು. ಬಸ್ಸಿನ ಬಣ್ಣ ನೋಡಿದರೆ ಸಾಕು, ಭಾಷೆ ಬರದವರೂ ಅದೇ ಬಸ್ಸೆಂದು ಗುರುತಿಸಬಹುದಿತ್ತು. ಐದು ತಿಂಗಳ ಆ ಮುಚ್ಚುಗಡೆಯ ಬಗ್ಗೆ ಅಕ್ಕನ ಮನೆಯಲ್ಲಿ ಯಾರೂ ದೂರಿದ್ದು ನಾನು ಕೇಳಲಿಲ್ಲ. ಅದೇ ವರ್ಷದ ಮಾರ್ಚ್‌ನ ಒಂದು ಮಂಗಳವಾರದ ಬಗ್ಗೆ ಇವತ್ತಿಗೂ ಕೇಳುತ್ತೇನೆ. 2024ರಲ್ಲಿ ದೂರದ ಗಾಡಿಗಳಲ್ಲಿ ಶೇಕಡಾ 62.5 ಮಾತ್ರ ಸಮಯಕ್ಕೆ ಬಂದವು ಎಂದು ಕಂಪನಿಯೇ ಹೇಳಿದೆ. ಅಷ್ಟು ತಡಕ್ಕೆ ಹೊಂದಿಕೊಂಡ ಜನ, ತಿಳಿಸಿ ಮಾಡಿದ ಯಾವ ಅಡಚಣೆಗೂ ಹೊಂದಿಕೊಳ್ಳುತ್ತಾರೆ.

ನಮ್ಮ ಮನೆಯಲ್ಲಿ ಎಲ್ಲ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. 2025ರ ಆಗಸ್ಟ್ 5ರಂದು ಕರ್ನಾಟಕದ ನಾಲ್ಕು ಸಾರಿಗೆ ನಿಗಮಗಳ ನೌಕರರು ಬಸ್ ನಿಲ್ಲಿಸಿದರು. ಅವರು ಕೇಳಿದ್ದು 38 ತಿಂಗಳ ಹಿಂಬಾಕಿ ಮತ್ತು 2024ರ ಜನವರಿಯಿಂದ ಆಗಬೇಕಿದ್ದ ವೇತನ ಪರಿಷ್ಕರಣೆ. ಹೈಕೋರ್ಟ್ ಕಟ್ಟುನಿಟ್ಟಾಗಿ ಎಚ್ಚರಿಸಿದ ಮೇಲೆ ಅದೇ ದಿನ ಮುಷ್ಕರ ಕೈಬಿಡಬೇಕಾಯಿತು. ನಿಮಗೆ ಕೋರ್ಟು ಕೊಟ್ಟ ಬೆಂಬಲ ನಮ್ಮ ಡ್ರೈವರ್ ಕಂಡಕ್ಟರ್‌ಗಳಿಗೆ ಸಿಗಲಿಲ್ಲ ಎಂಬ ಬೇಸರ ನನಗಿದೆ. ಆದರೆ ಸಾರ್ವಜನಿಕ ಸೇವೆಗಳಲ್ಲಿ 14 ದಿನ ಮುಂಚೆ ನೋಟಿಸ್ ಕೊಡಬೇಕೆಂಬುದು 1947ರ ಕೈಗಾರಿಕಾ ವಿವಾದ ಕಾಯ್ದೆಯ ಕಾಲದಿಂದ ಬಂದ ನಿಯಮ, ಮತ್ತು ಆಗಸ್ಟ್ 5 ಎಂಬ ದಿನಾಂಕ ಜುಲೈನಲ್ಲೇ ಕನ್ನಡ ಬಲ್ಲ ಎಲ್ಲರ ಬಾಯಲ್ಲಿತ್ತು. ಕನ್ನಡ ಬಾರದವರ ಕಥೆ ಬೇರೆ. ಹಂಪಿ ನೋಡಿಕೊಂಡು ಹೊಸಪೇಟೆ ಬಸ್ ನಿಲ್ದಾಣಕ್ಕೆ ಬಂದ ಜರ್ಮನ್ ಹುಡುಗಿಗೆ ಅಂಥ ದಿನ ಯಾರು ಹೇಳುತ್ತಾರೆ? ಪಕ್ಕದಲ್ಲಿ ನಿಂತ ಕಾಲೇಜು ಹುಡುಗರೋ ಚಹಾ ಅಂಗಡಿಯವರೋ ಹೇಳಬೇಕು. ಈ ಪತ್ರವನ್ನು ನಮ್ಮ ಸಾರಿಗೆ ನೌಕರರ ಸಂಘದವರೂ ಓದಲಿ ಎಂಬುದು ನನ್ನ ಆಸೆ.

ಹಾಗಾದರೆ ನಾನು ಬೇಡುತ್ತಿರುವುದೇನು? ಅಲೆ ಮುಷ್ಕರದ ಹೊತ್ತಿಗೆ ಕೈಬಿಟ್ಟ 48 ಗಂಟೆಯನ್ನು ವಾಪಸ್ ತನ್ನಿ. ಕಾಯ್ದೆ ಮಾಡಿ ಹೇರುವ ಮುಂಚೆ ನೀವೇ ನಿಮ್ಮ ಸಂಘದ ಕಟ್ಟಳೆಯಲ್ಲಿ ಬರೆದುಕೊಳ್ಳಿ. ಹೇರಿದ ಕಾಯ್ದೆ 48 ಗಂಟೆಗೇ ನಿಲ್ಲುವುದಿಲ್ಲ, ಹಕ್ಕಿನ ಬುಡಕ್ಕೇ ಕೈಹಾಕುತ್ತದೆ. ಮುಷ್ಕರಕ್ಕೆ ಬುಡ ಗಟ್ಟಿಯಿರಬೇಕೆಂದು ಬಯಸುವವನಾಗಿ ಈ ಮಾತು ಹೇಳುತ್ತಿದ್ದೇನೆ. ಮುಷ್ಕರ ಶುರುವಾಗುವ ಗಳಿಗೆಯಲ್ಲಿ ದಾರಿಯಲ್ಲಿರುವ ಗಾಡಿ ಅದರ ಕೊನೆಯ ನಿಲ್ದಾಣ ಮುಟ್ಟಲಿ, ಹೊಲದ ನಡುವಿನ ಜಂಕ್ಷನ್ನಿನಲ್ಲಿ ಯಾರನ್ನೂ ಇಳಿಸಬೇಡಿ. ಸ್ಟೇಷನ್ ಬಾಗಿಲಲ್ಲಿ ಬಾವುಟ ಹಿಡಿದು ನಿಲ್ಲುತ್ತೀರಲ್ಲ, ಅಲ್ಲಿ ಒಂದು ಮೇಜು ಹಾಕಿ. ಬದಲಿ ಬಸ್ಸಿನ ಜಾಗ, ಓಡುತ್ತಿರುವ ನಾಲ್ಕು ಗಾಡಿಗಳ ಹೊತ್ತು, ಹಣ ವಾಪಸ್ ಪಡೆಯುವ ಅರ್ಜಿ, ಇಷ್ಟನ್ನು ಇಂಗ್ಲಿಷಿನಲ್ಲೂ ಟರ್ಕಿಷ್‌ನಲ್ಲೂ ಅರಬ್ಬಿಯಲ್ಲೂ ಬರೆದಿಡಿ. ಕನ್ನಡದ್ದನ್ನು ನಾವು ಬರೆದುಕೊಡುತ್ತೇವೆ. ಆ ಮೇಜಿನ ಮುಂದೆ ನಿಂತು ಹಾಳೆ ಪಡೆದವನು, ನಿಮಗೆ 35 ಗಂಟೆ ಯಾಕೆ ಬೇಕು ಎಂಬುದನ್ನೂ ಕೇಳಿಕೊಂಡು ಹೋಗುತ್ತಾನೆ. ಕಂಪನಿಯ ಜಾಹೀರಾತು ವಿಭಾಗ ನಿಮ್ಮ ಮೇಲೆ ಎಷ್ಟೇ ಸಿಟ್ಟು ಹುಟ್ಟಿಸಲು ನೋಡಲಿ, ನಿಮ್ಮ ಕೈಯಿಂದ ದಾರಿ ಕೇಳಿಕೊಂಡವನಿಗೆ ನಿಮ್ಮ ಮೇಲೆ ಸಿಟ್ಟು ಬರುವುದು ಕಷ್ಟ.

ಇದರಲ್ಲಿ ಕಂಪನಿಯ ಪಾಲೂ ದೊಡ್ಡದಿದೆ, ಗೊತ್ತು. ಪ್ರಕಟಣೆ ಮಾಡಬೇಕಾದವರು, ಬೋರ್ಡು ಹಾಕಬೇಕಾದವರು ಅವರು. ಅವರಿಗೂ ಒಂದು ಪತ್ರ ಬರೆಯುತ್ತೇನೆ, ಅದು ಇಷ್ಟು ಸ್ನೇಹದ ಪತ್ರವಾಗಿರುವುದಿಲ್ಲ. ನಿಮಗೆ ಮೊದಲು ಬರೆದದ್ದು ನೀವು ಕೇಳಿಸಿಕೊಳ್ಳಬಲ್ಲಿರಿ ಎಂಬ ಭರವಸೆಯಿಂದ.

ಮುಂದಿನ ಸಲ ಬರುವಾಗ ಅಮ್ಮನನ್ನೂ ಕರೆದುಕೊಂಡು ಬರಬೇಕೆಂದಿದ್ದೇನೆ. ಅವರಿಗೆ ಮಂಡಿನೋವು, ಮೆಟ್ಟಿಲಿರುವ ಸುರಂಗ ದಾಟಲಾರರು. ಆ ವಾರ ನಿಮಗೆ ಕೆಲಸ ನಿಲ್ಲಿಸಲೇಬೇಕಾದ ಕಾರಣ ಬಂದರೆ ನಿಲ್ಲಿಸಿ. ಎರಡು ದಿನ ಮುಂಚೆ ತಿಳಿಸಿದರೆ ನಾವು ಟಿಕೆಟ್ ಮುಂದೂಡಿಕೊಳ್ಳುತ್ತೇವೆ.

ಇಂತಿ ನಿಮ್ಮ ಗಾಡಿಯ ಪ್ರಯಾಣಿಕ,
ಒಬ್ಬ ಕನ್ನಡಿಗ